ಸೋತ ಅಭ್ಯರ್ಥಿಯ ಮರೆಯಲ್ಲಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನವೆಂಬರ್ ಬಂತೆಂದರೆ ಬೇಟೆಯ ಕಾಲ. ಸಮಸಂಖ್ಯೆಯ ವರ್ಷವಾದರೆ ಮೊದಲ ಸೋಮವಾರದ ಮರುದಿನ ಮತದಾರನ ಬೇಟೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಕೋವಿ ಹಿಡಿದು ಜಿಂಕೆಯ ಬೇಟೆ. ಲೈಸೆನ್ಸ್ ಬೇಕಾಗಿರುವುದು ಎರಡನೆಯದಕ್ಕೆ ಮಾತ್ರ.

ಜಿಂಕೆಯ ಕಣ್ಣು ತಪ್ಪಿಸಿ ಕೂರಲು ‘ಬ್ಲೈಂಡ್’ ಎಂಬ ಮರೆಗೂಡು ಬೇಕು. ಅಂಗಡಿಯ ಫೈಬರ್‌ಗ್ಲಾಸ್ ಗೂಡಿಗೆ ಸಾವಿರಾರು ಡಾಲರ್. ಅಷ್ಟು ದುಡ್ಡು ಕೊಟ್ಟರೆ ಕಸಾಯಿಯವನೇ ತಿಂಗಳುಗಟ್ಟಲೆ ಮನೆಬಾಗಿಲಿಗೆ ಮಾಂಸ ತಂದಾನು. ಹಾಗಾಗಿ ಸ್ವಾಭಿಮಾನಿ ಬೇಟೆಗಾರ ತನ್ನ ಗೂಡನ್ನು ತಾನೇ ಕಟ್ಟುತ್ತಾನೆ. ಚೌಕಟ್ಟು ಹೇಗೋ ಆಗುತ್ತದೆ, ತಲೆನೋವೆಲ್ಲ ಗೋಡೆಯದು.

ಅಗ್ಗವೆಂದು ಮರದ ಚಕ್ಕೆಗಳನ್ನು ಅಂಟಿಸಿ ಒತ್ತಿದ ಓಎಸ್‌ಬಿ ಹಲಗೆ ತಂದರೆ, ಅಂಚಿಗೆ ನೀರು ತಾಗಿದ್ದೇ ತಡ ಉಬ್ಬುತ್ತದೆ. ಪ್ಲೈವುಡ್ಡನ್ನು ಅಂಚಂಚಿಗೂ ಬಣ್ಣ ಬಳಿದು ಸಾಕಬೇಕು. ತಗಡು ಕೊಳೆಯುವುದಿಲ್ಲ ನಿಜ, ಆದರೆ ಮಳೆ ಬಂದರೆ ತಮಟೆ, ಚಳಿ ಬಿದ್ದರೆ ಒಳಗೆಲ್ಲ ಬೆವರು. ಟಾರ್ಪಾಲು ಗಾಳಿಗೆ ಪಟಪಟನೆ ಬಡಿದು ಜಿಂಕೆಗೆ ಮುಂಚಿತವಾಗಿಯೇ ನೋಟಿಸು ಜಾರಿ ಮಾಡುತ್ತದೆ.

ಇಂಥ ಸಂಕಟದಲ್ಲಿ ಕೈಹಿಡಿಯುವುದು ಪ್ರಜಾಪ್ರಭುತ್ವ. ಮನೆಗಳ ಮುಂದಿನ ಹುಲ್ಲಿನಲ್ಲಿ ನೆಟ್ಟ ಪ್ರಚಾರ ಫಲಕಗಳು ಮತದಾನದ ಮರುದಿನವೇ ಅನಾಥವಾಗುತ್ತವೆ. ಗೆದ್ದವರು ಮುಂದಿನ ಸಲಕ್ಕೆಂದು ಎತ್ತಿಡುತ್ತಾರೆ, ಸೋತವರು ಕೇಳಿದವರಿಗೆಲ್ಲ ಕೊಡುತ್ತಾರೆ. ಕೇಳದೆ ಕಿತ್ತರೆ ಕಳ್ಳತನ, ಕೇಳಿ ಪಡೆದರೆ ಸಹಾನುಭೂತಿ. ಬೇಟೆ ಶುರುವಾಗಲು ಇನ್ನೂ ಒಂದೂವರೆ, ಎರಡೂವರೆ ವಾರ ಇರುತ್ತದೆ, ಗೋಡೆ ಏಳಲು ಅಷ್ಟು ಸಾಕು.

ಫಲಕದ ಗುಣವೂ ಮನನೀಯ. ಪಾಲಿಪ್ರೊಪಿಲೀನ್‌ನ ಎರಡು ತೆಳು ಪದರ, ನಡುವೆ ಸಾಲುಸಾಲು ಟೊಳ್ಳು ಕೊಳವೆ. ಟೊಳ್ಳಾಗಿರುವುದರಿಂದಲೇ ಹಗುರ. ಎಷ್ಟು ನೀರು ಸುರಿದರೂ ಒಳಗೆ ಇಳಿಸಿಕೊಳ್ಳುವುದಿಲ್ಲ. ಕೊಳವೆಗಳು ಮೇಲಿಂದ ಕೆಳಕ್ಕೆ ನಿಲ್ಲುವಂತಿಟ್ಟು, ಮೇಲಿನ ಸಾಲು ಕೆಳಗಿನದರ ಮೇಲೆ ಬರುವಂತೆ ಹೊದಿಸಿದರೆ ಮಳೆ ಜಾರಿಹೋಗುತ್ತದೆ. ಬಿಸಿಲಿಗೆ ಕ್ರಮೇಣ ಪೆಡಸಾಗಿ ಸೀಳುತ್ತದೆ ಎಂಬ ದೂರಿದೆ. ಚಿಂತೆಯಿಲ್ಲ, ಅಲ್ಲಿನ ಕೆಳಮನೆಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ.

ತೊಡಕಿರುವುದು ಬಣ್ಣದಲ್ಲಿ. ಜಿಂಕೆಗೆ ಕೆಂಪು, ಕಿತ್ತಳೆ ಸರಿಯಾಗಿ ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಎರಡೂ ಪಕ್ಷಗಳಿಗೆ ನೀಲಿಯ ಮೇಲೆ ಮೋಹ, ಆದ್ದರಿಂದ ಕಂದು ಬಳಿಯಲೇಬೇಕು. ಆದರೆ ಈ ಪ್ಲಾಸ್ಟಿಕ್‌ಗೆ ಬಣ್ಣ ಬೇಗ ಹಿಡಿಯುವುದಿಲ್ಲ, ಮೊದಲು ಉಪ್ಪುಕಾಗದದಿಂದ ಉಜ್ಜಬೇಕು. ಸಲೀಸಾಗಿ ಬಣ್ಣ ಬದಲಿಸುವ ವಿದ್ಯೆ ಅಭ್ಯರ್ಥಿಯದು, ಫಲಕದ್ದಲ್ಲ.

ಇಷ್ಟೆಲ್ಲ ಮಾಡಿ ಒಳಗೆ ಅಡಗುವವನು ಕಣ್ಣು ಕುಕ್ಕುವ ಕಿತ್ತಳೆ ಅಂಗಿ ತೊಟ್ಟಿರಬೇಕೆಂದು ಕಾನೂನಿದೆ. 2016ರಿಂದ ವಿಸ್ಕಾನ್ಸಿನ್‌ನಲ್ಲಿ ಗುಲಾಬಿಯೂ ನಡೆಯುತ್ತದೆ. ಅದು ಜಿಂಕೆಗಾಗಿ ಅಲ್ಲ, ಕೋವಿ ಹಿಡಿದ ಇತರ ಮನುಷ್ಯರ ಭಯಕ್ಕೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಜಿಂಕೆಗೆ ಗೂಡು ಕಟ್ಟುವಂತಿಲ್ಲ. ಆದರೂ ಗೋಡೆಯ ವಿದ್ಯೆಯಲ್ಲಿ ನಾವೇನು ಕಡಿಮೆ? ಕರ್ನಾಟಕದಲ್ಲಿ ಫ್ಲೆಕ್ಸ್ ನಿಷೇಧವಾದದ್ದು 2016ರಲ್ಲಿ. ನಾಯಕರ ಹುಟ್ಟುಹಬ್ಬ ಬಂದರೆ ಆ ಆದೇಶವೇ ಫ್ಲೆಕ್ಸಿನ ಹಿಂದೆ ಮರೆಯಾಗುತ್ತದೆ. ಹಬ್ಬ ಮುಗಿದ ಮೇಲೆ ಅದೇ ನಾಯಕರು ಹುಲ್ಲಿನ ಬಣವೆಯ ಮೇಲೆ ಮೈಚಾಚಿ ಮಲಗುತ್ತಾರೆ, ಸೋರುವ ಕೊಟ್ಟಿಗೆಗೆ ತೇಪೆಯಾಗುತ್ತಾರೆ. ಕುರ್ಚಿಯಲ್ಲಿ ಕೂತಾಗ ಸಾಧ್ಯವಾಗದ ರೈತಸೇವೆ ಕೊನೆಗೂ ಕೈಗೂಡುತ್ತದೆ.

ಯಾವ ಗೋಡೆ ಕಟ್ಟಿದರೂ ಬೇಟೆಗಾರನ ಮೈವಾಸನೆಯನ್ನು ಅದು ತಡೆಯದು. ಗಾಳಿ ತಿರುಗಿದ ಕ್ಷಣ, ಫಲಕದ ಮೇಲೆ ಯಾರ ಹೆಸರಿದೆ ಎಂದು ನೋಡದೆ, ಹಿಂದೆ ಕೂತವನು ಯಾಕೆ ಕೂತಿದ್ದಾನೆಂದು ಜಿಂಕೆ ತಿಳಿದುಕೊಂಡು ಓಡುತ್ತದೆ. ಅದಕ್ಕೆ ಮತದಾನದ ಹಕ್ಕು ಕೊಡದಿರುವುದು ಸರಿಯಾಗಿಯೇ ಇದೆ.