ಬ್ರಹ್ಮ, ಬಾಳೆಲೆ ಮತ್ತು ಕಾಗೆ

ನಿವೃತ್ತಿಯಾದ ಮೇಲೆ ಒಂದು ದೊಡ್ಡ ಕಥೆ ಬರೆಯಬೇಕೆಂಬ ಹುಚ್ಚು ನನಗೂ ಹತ್ತಿತು. ದೊಡ್ಡ ಕಥೆಗೆ ದೊಡ್ಡ ವಿಷಯವೇ ಬೇಕಲ್ಲ? ಅದ್ವೈತವನ್ನೇ ಹಿಡಿದೆ. ಮೂರು ತಿಂಗಳು ಭಾನುವಾರದ ವೇದಾಂತ ಪಾಠಕ್ಕೆ ಹೋಗಿ ಎರಡು ನೋಟ್ ಪುಸ್ತಕ ತುಂಬಿಸಿದೆ. ನನ್ನ ನಾಯಕ ಮೊದಲ ಪುಟದಲ್ಲಿ ಹಗ್ಗ ಕಂಡು ಹಾವೆಂದು ಹೆದರಿದ. ಎರಡನೆಯ ಪುಟದಲ್ಲಿ ಅದು ಹಗ್ಗವೆಂದು ತಿಳಿಯಿತು. ಉಳಿದ ಹದಿನಾಲ್ಕು ಪುಟ ಹೆಂಡತಿಗೆ ಮಾಯೆಯ ಬಗ್ಗೆ ಉಪನ್ಯಾಸ ಕೊಟ್ಟ. ಓದಿದ ನನ್ನಾಕೆ, "ಅಷ್ಟು ಹೊತ್ತೂ ಅವಳು ಸುಮ್ನೆ ಕೇಳ್ತಾ ಕೂತಿದ್ಲಾ? ಒಲೆ ಮೇಲೆ ಏನೂ ಇರ್ಲಿಲ್ವಾ?" ಎಂದಳು.

ಇರಲಿಲ್ಲ. ಅಲ್ಲೇ ಎಡವಟ್ಟಾಗಿತ್ತು.

ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ನೋಡಿದರು. ಸಾವಿನೊಂದಿಗೆ ಚದುರಂಗ ಆಡುವ ಯೋಧನ ಕಥೆ. ಮಾತೆಲ್ಲ ಸ್ವೀಡಿಷ್, ಪರದೆಯ ಕೆಳಗೆ ಇಂಗ್ಲಿಷ್ ಸಾಲೂ ಇಲ್ಲ. ಅರೆಬರೆ ಅರ್ಥವಾದ ಆ ಸಿನಿಮಾ ಹಚ್ಚಿದ ಕಿಡಿಯೇ 1965ರ 'ಸಂಸ್ಕಾರ' ಕಾದಂಬರಿಯಾಯಿತು. ನಾನು ಎರಡು ನೋಟ್ ಪುಸ್ತಕದಷ್ಟು ಅರ್ಥ ಮಾಡಿಕೊಂಡು ಕೆಟ್ಟೆನೇನೋ! 'ಸಂಸ್ಕಾರ'ದಲ್ಲಿ ಬ್ರಾಹ್ಮಣ್ಯವೆಂದರೇನು ಎಂಬ ಭಾರೀ ಪ್ರಶ್ನೆಯಿದೆ, ನಿಜ. ಆದರೆ ಅದು ನಾರಣಪ್ಪನ ಹೆಣವಾಗಿ ಬಂದು ಅಗ್ರಹಾರದ ನಡುವೆ ಮಲಗಿದೆ. ಹೆಣ ಎತ್ತದೆ ಯಾರೂ ಉಣ್ಣುವಂತಿಲ್ಲ. ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಿದ್ದರೆ ಉಳಿದವರ ಹೊಟ್ಟೆ ತಾಳ ಹಾಕುತ್ತದೆ, ಕಣ್ಣು ನಾರಣಪ್ಪನ ಸಂಗಾತಿ ಚಂದ್ರಿಯ ಬಂಗಾರದ ಮೇಲಿದೆ, ಇಲಿಗಳು ಬೇರೆ ಸತ್ತು ಬೀಳುತ್ತಿವೆ. ಅಲ್ಲಿ ಧರ್ಮಸೂಕ್ಷ್ಮಕ್ಕೂ ವಾಸನೆಯಿದೆ.

ಕಾರಂತರೂ ಕಾದಂಬರಿಯಲ್ಲಿ ದೇವರ ಹುಟ್ಟನ್ನೇ ಕೆದಕಲು ಹೊರಟಾಗ ಯಾವ ಪಂಡಿತರನ್ನೂ ಕರೆಯದೆ, ಮೂಲೆಯಲ್ಲಿ ಕೂತ ಮೂಕಜ್ಜಿಯ ಕೈಗೆ ಹಳೆಯ ವಸ್ತುಗಳನ್ನು ಕೊಟ್ಟರು. ಅಜ್ಜಿ ಬೈದರೂ ನಾವು ಕೇಳುತ್ತೇವೆ. ಪಂಡಿತರು ಹೊಗಳಿದರೂ ಆಕಳಿಕೆ.

ನನಗಿದು ತಿಳಿದದ್ದು ಹೋದ ವರ್ಷ, ಚಿಕ್ಕಪ್ಪನ ತಿಥಿಯಲ್ಲಿ. ಒಂಬತ್ತನೆಯ ಮಹಡಿಯ ತಾರಸಿಯಲ್ಲಿ ಪಿಂಡ ಇಟ್ಟು "ಕಾ ಕಾ" ಎಂದು ಕರೆದರೆ ಕಾಗೆಯ ಸುಳಿವಿಲ್ಲ. ಪಾರಿವಾಳಗಳು ಬಂದವು, ಅವಕ್ಕೆ ಅಧಿಕಾರವಿಲ್ಲವೆಂದು ಪುರೋಹಿತರು ಓಡಿಸಿದರು. ಅವರಿಗೆ ಒಂದು ಗಂಟೆಗೆ ಇನ್ನೊಂದು ಮನೆ ಇತ್ತು. ಕೆಳಗೆ ಎಲೆ ಹಾಕಿ ನೀರು ಚಿಮುಕಿಸಿದ್ದು ಆಗಲೇ ಒಣಗಿತ್ತು. ಆತ್ಮಕ್ಕೆ ಹಸಿವು ಬಾಯಾರಿಕೆ ಇಲ್ಲವೆಂದು ನನ್ನ ನೋಟ್ ಪುಸ್ತಕದಲ್ಲಿತ್ತು. ಸಕ್ಕರೆ ಕಾಯಿಲೆಯ ಭಾವನಿಗೆ ಮಾತ್ರ ಕೈ ನಡುಗತೊಡಗಿತ್ತು. ಏನೋ ಆಸೆ ಉಳಿದಿರಬೇಕು ಎಂದು ಒಬ್ಬರು. ಬೋಂಡ ಮಾಡಿಲ್ಲವೆಂದು ಇನ್ನೊಬ್ಬರು. ಕೊನೆಗೆ ಚಿಕ್ಕಮ್ಮ ತಾರಸಿಯ ಅಂಚಿಗೆ ಹೋಗಿ, ಆಕಾಶದ ಕಡೆ ಸಿಡುಕಿನಿಂದ, "ಆಯ್ತು ಕಣ್ರೀ, ಸ್ಕೂಟರ್ ಮಾರಲ್ಲ, ಬನ್ನಿ" ಎಂದರು.

ಎಲ್ಲಿತ್ತೋ, ಒಂದು ಕಾಗೆ ಬಂತು.

ವೇದಾಂತಪಾಠ ಅವತ್ತಿಗೇ ಬಿಟ್ಟೆ. ಸ್ಕೂಟರ್ ಬೇಸ್‌ಮೆಂಟಿನಲ್ಲೇ ಇದೆ, ಚಕ್ರದಲ್ಲಿ ಗಾಳಿಯಿಲ್ಲ. ಹೊಸ ಕಥೆ ಐದನೆಯ ಪುಟಕ್ಕೆ ಬಂದಿದೆ. ಕಾಗೆ ಯಾಕೆ ಬಂತೆಂದು ನಾಯಕನಿಗೆ ನಾನು ಹೇಳಿಲ್ಲ. ಹೇಳಿದರೆ ಮತ್ತೆ ಉಪನ್ಯಾಸ ಶುರು ಮಾಡುತ್ತಾನೆ. ಮೊನ್ನೆ ಓದಿದ ನನ್ನಾಕೆ ಕನ್ನಡಕ ತೆಗೆದು ಕೇಳಿದಳು: "ಆ ಸಕ್ಕರೆ ಕಾಯಿಲೆಯವರಿಗೆ ಮೊದ್ಲು ಬಡಿಸಿದ್ರೋ ಇಲ್ವೋ, ಅದನ್ನ ಬರ್ದೇ ಇಲ್ಲ?"