ಗಾಲಿಗೆ ಹೆಗಲು: ಒಂದು ನೀರಮಾನ್ವಿ ಭಾಷ್ಯ

ಗಾಲಿಗೆ ಹೆಗಲು ಕೊಡು ಎಂಬುದು ಇಂಗ್ಲಿಷರ ನುಡಿಗಟ್ಟು. ಮೈಮುರಿದು ದುಡಿ ಎಂದು ಅದರ ತಾತ್ಪರ್ಯ. ಇದರ ಹುಟ್ಟೂರು ಗ್ರೀಸ್ ಎಂದು ಪೂರ್ವಪಕ್ಷದವರು ವಾದಿಸುತ್ತಾರೆ. ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿರುವ ನೀರಮಾನ್ವಿಯೇ ಎಂಬುದು ನಮ್ಮ ಸಿದ್ಧಾಂತ. ಸಿದ್ಧಾಂತ ಮೊದಲೇ ತೀರ್ಮಾನವಾಗಿರುವುದರಿಂದ ಪ್ರಮಾಣ ಹುಡುಕುವುದಷ್ಟೇ ಬಾಕಿ. ಊರಿನ ಅಭಿಮಾನದಿಂದ ಬರೆಯುವ ಸಂಶೋಧನೆಗಳಲ್ಲಿ ಇದು ಬಹುಕಾಲದಿಂದ ಮಾನ್ಯವಾದ ಕ್ರಮ.

ಮೊದಲು ಪೂರ್ವಪಕ್ಷ. ಈಸೋಪನ ಹೆಸರಿನಲ್ಲಿ ನಡೆದುಬಂದ ಕತೆಯೊಂದುಂಟು. ಬಂಡಿ ಕೆಸರಿನಲ್ಲಿ ಸಿಕ್ಕಿಬಿತ್ತು, ಬಂಡಿಯವನು ಸುಮ್ಮನೆ ನಿಂತು ಹರ್ಕ್ಯುಲಿಸ್ ದೇವರಿಗೆ ಮೊರೆಯಿಟ್ಟ, ದೇವರು ಬಂದು ಬೈದ. ಗ್ರೀಕಿನಲ್ಲಿ ಇದನ್ನು ಪದ್ಯವಾಗಿಸಿದ ಬಾಬ್ರಿಯಸ್‌ನ ಪಾಠದಲ್ಲಿ ದೇವರು ಹೇಳುವುದು ಇಷ್ಟೇ: ಗಾಲಿಗೆ ಕೈ ಹಾಕು, ಎತ್ತು ತಿವಿ, ಆಮೇಲೆ ನನ್ನನ್ನು ಕರೆ. ಹೆಗಲಿನ ಸುದ್ದಿಯೇ ಇಲ್ಲ. ಬಂಡಿ ಬಿದ್ದದ್ದೂ ಕೊರಕಲಿಗೆ, ಕೆಸರಿಗಲ್ಲ. 1621ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬರ್ಟನ್ ತನ್ನ ದಪ್ಪ ವಿಷಾದಗ್ರಂಥದಲ್ಲಿ ಇದೇ ಕತೆಯನ್ನು ನೆನೆಯುವ ಹೊತ್ತಿಗೆ ಎತ್ತು ಕುದುರೆಯಾಗಿದೆ, ಕೈ ಹೆಗಲಾಗಿದೆ. ಇಂಥ ಪಾಠವನ್ನು ನಂಬಿ ನುಡಿಗಟ್ಟು ಕಟ್ಟಿದವರ ಧೈರ್ಯ ದೊಡ್ಡದು.

ಹಾಗಾದರೆ ನಡುವೆ ಕೆಸರು ಎಲ್ಲಿಂದ ಬಂತು? ಇಲ್ಲಿಂದ. ಮಾನ್ವಿ ಸೀಮೆಯ ಎರಿ ಹೊಲದಲ್ಲಿ ಮಳೆ ಬಿದ್ದ ಮಾರನೆಯ ದಿನ ಬಂಡಿ ಹೂಡಿದವನಿಗೆ ಪ್ರಮಾಣ ಬೇಕಿಲ್ಲ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಈ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಹಳಿಗೆ ಮೆತ್ತಿ, ಅರಗಳ ಸಂದಿಯಲ್ಲಿ ತುಂಬಿ, ಕೊನೆಗೆ ಇಡೀ ಗಾಲಿ ರೊಟ್ಟಿಯ ಹೆಂಚಿನಂತೆ ಒಂದೇ ಗಟ್ಟಿಯಾಗುತ್ತದೆ. ಇಂಥ ಮಣ್ಣು ಅಥೆನ್ಸಿನ ಕಲ್ಲುಗುಡ್ಡಗಳಲ್ಲಿ ಎಲ್ಲಿ ಬಂತು?

ಇನ್ನು ಶಿಲಾಪ್ರಮಾಣ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನ; ಕೋಟೆ ಕಟ್ಟಿಸಿದ ವಿಠ್ಠಲನ ಹೆಸರು ಅದರಲ್ಲಿದೆ. ಅಷ್ಟು ಉದ್ದದ ಬಂಡೆಯನ್ನು ಹೇಗೆ ತಂದರೆಂದು ಕೇಳುವವರಿಗಾಗಿಯೇ ಗೋಡೆಯಲ್ಲಿ ರೇಖಾಚಿತ್ರವನ್ನೂ ಕೊರೆದಿದ್ದಾರೆ: ಬಂಡಿಯ ಮೇಲೆ ಕಲ್ಲು, ಎಳೆಯಲು ಕೋಣಗಳ ಸಾಲು, ಗಾಲಿಗೆ ಹಾರೆ ಕೊಟ್ಟು ಮೀಟುವವರು, ಹುರಿದುಂಬಿಸಿ ಕೂಗುವವರು. ಬಂಡಿಯ ಗಾಲಿಗಳಿಗೆ ಅರಗಳಿಲ್ಲ, ಗಟ್ಟಿ ಗಾಲಿಗಳು. ಆ ಕಾಲದಲ್ಲಿ ಭಾರಕ್ಕೆ ಅಂಥವನ್ನೇ ಮಾಡುತ್ತಿದ್ದರು ಎಂದು ಪಂಡಿತರು ಹೇಳಿಯಾರು. ಅರಗಳಿದ್ದವು, ಎರಿಮಣ್ಣು ತುಂಬಿಕೊಂಡಿತ್ತು, ಚಿತ್ರಕಾರ ಕಂಡದ್ದನ್ನು ಕಂಡಂತೆ ಕೊರೆದ ಎಂಬುದು ನಮ್ಮ ವ್ಯಾಖ್ಯಾನ. ಇದನ್ನು ಅಲ್ಲಗಳೆಯಲು ಸಾಕ್ಷಿಯಾಗಬಲ್ಲ ಕೋಣಗಳು ಈಗ ಇಲ್ಲ.

ಆ ಚಿತ್ರದಲ್ಲಿ ಗಾಲಿಗೆ ಹೆಗಲು ಕೊಟ್ಟವನು ಒಬ್ಬನೂ ಕಾಣುವುದಿಲ್ಲ. ತಿಳಿದವರು ಹಾರೆ ಹಿಡಿದಿದ್ದಾರೆ. ಹೆಗಲು ಇರುವುದು ನೊಗದ ಕೆಳಗೆ, ಅದೂ ಕೋಣದ್ದು. ಮನುಷ್ಯನ ಹೆಗಲಿನ ಕೆಲಸವೇ ಬೇರೆ. ಹೊಲದಲ್ಲಿ ಟವೆಲ್ಲು, ಸಭೆಯಲ್ಲಿ ಶಾಲು. ಶಾಸನದಲ್ಲಿ ಕಟ್ಟಿಸಿದವನ ಹೆಸರಿದೆ, ಮೀಟಿದವರದಿಲ್ಲ. ಆದರೂ ಅವರ ಚಿತ್ರವಾದರೂ ಉಳಿದದ್ದು ನೋಡಿದರೆ ಉಳಿ ಹಿಡಿದವನು ಹಾರೆ ಹಿಡಿದವರ ಸೋದರಮಾವನಿರಬೇಕು.

ಈ ಪರಂಪರೆ ಕಡಿದುಹೋಗಿಲ್ಲ. ಇವತ್ತಿಗೂ ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳಿಂದ ಟನ್‌ಗಟ್ಟಲೆ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದೆ. ಆಂಧ್ರ, ತೆಲಂಗಾಣದ ಜೋಡಿಗಳೂ ಬರುತ್ತವೆ. ಎಳೆಯುವುದು ಎರಡು ಎತ್ತು, ಹೊಡೆಯುವವರು ನಾಲ್ಕಾರು ಮಂದಿ, ಕೂಗುವವರು ಸಾವಿರಾರು. 1294ರ ಲೆಕ್ಕಾಚಾರದಲ್ಲಿ ಬದಲಾದದ್ದು ಕೂಗುವವರ ಸಂಖ್ಯೆಯೊಂದೇ. ಎಳೆದ ಕಲ್ಲಿನಿಂದ ಈಗ ಕೋಟೆ ಕಟ್ಟುವುದಿಲ್ಲ, ಮುಂದಿನ ಜೋಡಿಗೆ ಬಿಟ್ಟುಕೊಡುತ್ತಾರೆ.

ಇಲ್ಲಿ ಒಂದು ಶಂಕೆ. ಗಾಲಿಯೇ ಇಲ್ಲದ ಕಡೆ ಈ ನುಡಿಗಟ್ಟು ಹೇಗೆ ಅನ್ವಯಿಸಬೇಕು? ಉದಾಹರಣೆಗೆ ತುಂಗಭದ್ರಾ ಎಡದಂಡೆ ಕಾಲುವೆ. 227 ಕಿಲೋಮೀಟರು ಹರಿದು ಬರುವ ಇದರ ಕೊನೆ ಭಾಗ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳಿಗೆ ಬಿದ್ದಿದೆ. ಕಿಲೋಮೀಟರು ಬಂದು ಎಷ್ಟೋ ಕಾಲವಾದರೂ ಇಲ್ಲಿನ ರೈತರ ಬಾಯಲ್ಲಿರುವುದು ಮೈಲೇ: 69ನೇ ಮೈಲಿನಲ್ಲಿ ನೀರಿನ ಗೇಜ್ ಎಷ್ಟು, 104ರಲ್ಲಿ ಎಷ್ಟು? ಗೇಜ್ ಇಳಿಯಿತೆಂದರೆ ಭತ್ತ ಒಣಗುತ್ತದೆ, ರೈತರು ಧರಣಿ ಕೂರುತ್ತಾರೆ, ರಸ್ತೆ ಬಂದಾಗುತ್ತದೆ. ಈಗ ಹರ್ಕ್ಯುಲಿಸ್‌ನನ್ನು ಆ ರಸ್ತೆಗೆ ಕರೆತನ್ನಿ. “ಮೊದಲು ನೀವು ಹೆಗಲು ಕೊಡಿ, ಆಮೇಲೆ ನನ್ನನ್ನು ಕೇಳಿ” ಎನ್ನುತ್ತಾನೆ. “ನೀರಿಗೆ ಹೆಗಲು ಹ್ಯಾಂಗ ಕೊಡೂದ್ರಿ ಸಾಹೇಬ್ರ? ಮ್ಯಾಲಿನವ್ರು ತೂಬು ಮುಚ್ಚಿದ್ರ ತಾನಾಗೇ ಬರ್ತದ” ಎಂದು ನೀರಮಾನ್ವಿಯ ಮುದುಕನೊಬ್ಬ ಅಂದರೆ ದೇವರ ಬಳಿ ಉತ್ತರವಿಲ್ಲ, ಮೇಲಿನ ಅಧಿಕಾರಿಗಳ ಗಮನಕ್ಕೆ ತರುತ್ತೇನೆ ಎಂದು ಹೇಳಿ ಒಲಿಂಪಸ್ಸಿಗೆ ಜೀಪು ಹತ್ತಬೇಕಾಗುತ್ತದೆ. ಸಿಕ್ಕಿಬಿದ್ದವನಿಗೆ ಶ್ರಮದ ಉಪದೇಶ ಮಾಡುವವನು ಯಾವಾಗಲೂ ಒಣ ನೆಲದ ಮೇಲೆ ನಿಂತಿರುತ್ತಾನೆ ಎಂಬ ಅಂಶವನ್ನು ಗ್ರೀಕ್ ಪಂಡಿತರು ಏಕೆ ಗಮನಿಸಲಿಲ್ಲವೋ.

ಎರಡನೆಯ ಶಂಕೆ: ಬಂಡಿಗಳೇ ಅಪರೂಪವಾದ ಮೇಲೆ? ನೀರಮಾನ್ವಿ ಯಲ್ಲಮ್ಮನ ಜಾತ್ರೆಗೂ ಈಗ ಜನ ಟ್ರ್ಯಾಕ್ಟರಿನಲ್ಲೇ ಬರುತ್ತಾರೆ. ಎರಿಯಲ್ಲಿ ಹೂತ ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಹೆಗಲು ಕೊಟ್ಟು ನೋಡಿ. ಗಾಲಿ ನಿಂತಲ್ಲೇ ಗಿರ್ರನೆ ತಿರುಗಿ, ನುಡಿಗಟ್ಟನ್ನು ನಂಬಿದವನ ಮುಖ ಯಾವುದು ಅಂಗಿ ಯಾವುದು ಎಂದು ಮನೆಯವರೂ ಗುರುತಿಸಲಾರದ ಹಾಗಾಗುತ್ತದೆ. ಆದ್ದರಿಂದ ಅನುಭವಸ್ಥರು ಜೆಸಿಬಿಯವನಿಗೆ ಫೋನ್ ಮಾಡುತ್ತಾರೆ. ಅವನು ಬರುತ್ತಾನೆ, ಸರಪಳಿ ಕಟ್ಟುತ್ತಾನೆ, ಎಳೆದು ಹಾಕುತ್ತಾನೆ. ನೀತಿ ಹೇಳುವುದಿಲ್ಲ, ಡೀಸೆಲ್ಲಿನ ದುಡ್ಡು ಮಾತ್ರ ಮೊದಲೇ ಕೇಳುತ್ತಾನೆ.