ವಿಭೂತಿ ಹಚ್ಚಿದ ಪುರಾವೆ

1998ರ ಜನವರಿಯಲ್ಲಿ ಸೋನಿ ಟಿವಿಯಲ್ಲಿ ಶುರುವಾದ ಪತ್ತೇದಾರಿ ಧಾರಾವಾಹಿ 'ಸಿಐಡಿ' ನೋಡಲು ಹಿಂದಿ ಬರಲೇಬೇಕೆಂದೇನೂ ಇರಲಿಲ್ಲ. ಎಸಿಪಿ ಪ್ರದ್ಯುಮನ್ ಗಾಳಿಯಲ್ಲಿ ಬೆರಳು ತಿರುವಿದರೆ ಏನೋ ಗಡಿಬಿಡಿಯಾಗಿದೆ, ದಯಾ ಎರಡು ಹೆಜ್ಜೆ ಹಿಂದೆ ಸರಿದರೆ ಅವನ ಒದೆತಕ್ಕೆ ಒಂದು ಬಾಗಿಲು ಹೋಯಿತು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹುಡುಗನಿಗೆ ಇಷ್ಟು ತಿಳಿದರೆ ಸಾಕಿತ್ತು. ದಯಾನ ಪಾತ್ರ ಮಾಡುವ ದಯಾನಂದ ಶೆಟ್ಟಿ ಉಡುಪಿ ಕಡೆಯವರೆಂದು ಗೊತ್ತಾದ ಮೇಲಂತೂ ಆ ಒದೆತದಲ್ಲಿ ಕರ್ನಾಟಕದ ಪಾಲೂ ಇದೆ ಎನಿಸಿತು. 2004ರಲ್ಲಿ 111 ನಿಮಿಷದ ಕಂತೊಂದನ್ನು ಎಲ್ಲೂ ಕತ್ತರಿಸದೆ ಒಂದೇ ಶಾಟಿನಲ್ಲಿ ತೆಗೆದು ಸಿಐಡಿಯವರು ಗಿನ್ನೆಸ್ ದಾಖಲೆ ಮಾಡಿದ್ದರು. ಅಣ್ಣಿಗೇರಿಯಲ್ಲಿ ಅಷ್ಟು ಹೊತ್ತು ಕರೆಂಟೇ ಇರುತ್ತಿರಲಿಲ್ಲ. ಕೊಲೆಗಾರ ಯಾರೆಂದು ತಿಳಿಯುವ ಹೊತ್ತಿಗೆ ಕತ್ತಲೆ. ಉಳಿದ ತನಿಖೆಯನ್ನು ಮನೆಯವರೇ ಮುಗಿಸಬೇಕು.

ಹುಡುಗನ ಹೆಸರು ಬೇಡ. ಈಗ ಪತ್ರಿಕೆಗಳಿಗೆ ಬರೆಯುತ್ತಾನೆ, ಮರ್ಯಾದೆ ಉಳಿಸಿಕೊಳ್ಳಲಿ. ಈ ಬರಹವೂ ಅವನದೇ.

ದಯಾ ಆಗುವುದು ಅವನಿಂದಾಗಲಿಲ್ಲ. ಹಗಲಿಡೀ ತೆರೆದೇ ಇರುವ ಬಾಗಿಲನ್ನು ಒದೆಯುವುದು ಹೇಗೆ? ರಾತ್ರಿ ಅಗಳಿ ಹಾಕಿದ ಸಾಗವಾನಿ ಬಾಗಿಲನ್ನು ಒದ್ದರೆ ಮುರಿಯುವುದು ಬಾಗಿಲಲ್ಲ. ಹೀಗಾಗಿ ಅವನು ಸಿಐಡಿಯ ವಿಧಿವಿಜ್ಞಾನ ತಜ್ಞ ಡಾಕ್ಟರ್ ಸಾಳುಂಕೆಯ ಪ್ರಯೋಗಾಲಯಕ್ಕೆ ವರ್ಗವಾದ.

ಮೊದಲ ಪ್ರಕರಣ: ಶೇಂಗಾ ಉಂಡಿಯ ಡಬ್ಬಿ ದಿನೇ ದಿನೇ ಹಗುರಾಗುತ್ತಿತ್ತು. ಬೆರಳಚ್ಚು ಎತ್ತಲು ನುಣ್ಣನೆಯ ಬಿಳಿ ಪುಡಿ ಬೇಕು. ಲಿಂಗಾಯತರ ಮನೆಯಲ್ಲಿ ಅದಕ್ಕೇನು ಬರ? ದೇವರ ಜಗುಲಿಯ ವಿಭೂತಿ ಗಟ್ಟಿಯನ್ನು ಆಯಿಯ ಎಲೆಯಡಿಕೆ ಕುಟ್ಟಾಣಿಯಲ್ಲಿ ಕುಟ್ಟಿ, ಅಪ್ಪನ ದಾಡಿ ಬ್ರಷ್ಷಿನಿಂದ ಸ್ಟೀಲ್ ಡಬ್ಬಿಗೆ ಸವರಿದ. ಉಂಡಿಯ ಜಿಡ್ಡಿಗೆ ವಿಭೂತಿ ಅಂಟಿ ಗುರುತುಗಳು ಶಾಸ್ತ್ರೋಕ್ತವಾಗಿಯೇ ಮೂಡಿದವು. ಆದರೆ ಮನೆಮಂದಿಯೆಲ್ಲರ ಬೆರಳೂ ಅಲ್ಲಿದ್ದವು, ಒಂದರ ಮೇಲೊಂದು. ಅನುಮಾನ ಅಜ್ಜನ ಮೇಲೆ ನೆಟ್ಟಿತು. ಸಕ್ಕರೆ ಕಾಯಿಲೆಯವನು, ಸಾಲದ್ದಕ್ಕೆ ಮೂರು ಬೆರಳಿನ ಗುರುತನ್ನು ಮನೆಯಲ್ಲೆಲ್ಲ ಬಿಟ್ಟವನು. ಹೊಸ್ತಿಲ ಮೇಲೆ ಮೂರು ಗೆರೆ, ತಿಜೋರಿಯ ಮೇಲೆ ಮೂರು ಗೆರೆ, ಗೋದಲಿಯ ಮುಂದೆ ನಿಂತ ಎತ್ತಿನ ಹಣೆಯ ಮೇಲೂ ಮೂರು ಗೆರೆ. ಇಷ್ಟು ರಾಜಾರೋಷವಾಗಿ ಸಾಕ್ಷಿ ಬಿಟ್ಟು ತಿರುಗುವ ಆರೋಪಿಯನ್ನು ಪ್ರದ್ಯುಮನ್ ಕೂಡ ಕಂಡಿರಲಿಕ್ಕಿಲ್ಲ.

ಅಷ್ಟರಲ್ಲಿ ಆಯಿ ಅಡುಗೆಮನೆಗೆ ಬಂದಳು. ಮೈತುಂಬ ಭಸ್ಮ ಧರಿಸಿ ಕೂತ ಡಬ್ಬಿಯನ್ನು ನೋಡಿದಳು.

'ಏನಪಾ ಇದು, ನಿಮ್ಮಜ್ಜ ಪೂಜಿ ಮಾಡ್ಯಾರೇನು?'

ತನಿಖೆಯ ಗುಟ್ಟು ಕಾಪಾಡಲು ಹುಡುಗ ಹೂಂ ಅಂದ. ಅವಳು ಊದಿನಕಡ್ಡಿ ಹಚ್ಚಿ, ಕೈಮುಗಿದು, ಡಬ್ಬಿಯನ್ನು ಎತ್ತಿ ಜಗುಲಿಯ ಮೇಲಿಟ್ಟಳು. ಮರುದಿನ ಅದರ ಮೇಲೆ ಪತ್ರಿಯೂ ಏರಿತು. ಆಮೇಲೆ ಮುಚ್ಚಳ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಅಪರಾಧಿ ಸಿಗಲಿಲ್ಲ, ಅಪರಾಧ ನಿಂತಿತು, ಉಂಡಿಗೆ ಬೂಸಲು ಬಂತು.

2010ರ ಆಗಸ್ಟಿನಲ್ಲಿ ಅಣ್ಣಿಗೇರಿಗೆ ನಿಜವಾದ ಪ್ರಕರಣವೇ ಬಂತು. ಚರಂಡಿ ಅಗೆದಲ್ಲಿ ತಲೆಬುರುಡೆಗಳು, ಅದೂ ಸಾಲುಸಾಲಾಗಿ, ನೂರಾರು! ಹುಡುಗ ನೋಟ್‌ಬುಕ್ಕಿನಲ್ಲಿ ಶಂಕಿತರ ಪಟ್ಟಿ ಶುರುಮಾಡಿದ. ಸಾಳುಂಕೆಯಾಗಿದ್ದರೆ ಮುಟ್ಟಿನೋಡಿ ಸತ್ತ ಗಂಟೆ ಹೇಳುತ್ತಿದ್ದ. ಇಲ್ಲಿ ಮಾದರಿಗಳು ಕಾರ್ಬನ್ ಪರೀಕ್ಷೆಗೆ ಭುವನೇಶ್ವರದ ತನಕ ಹೋದವು. ಆರು ಶತಮಾನಕ್ಕೂ ಹಳೆಯವೆಂದು ಮೊದಲ ವರದಿ ಹೇಳಿತು. ಪಟ್ಟಿಯಲ್ಲಿದ್ದ ಹಾಲಿನವನೂ ಗಣಿತದ ಮೇಷ್ಟ್ರೂ ಬಚಾವಾದರು.

ಬಾಗಿಲು ಒದೆಯುವವರೆಲ್ಲ ಒಳ್ಳೆಯವರೆಂಬ ನಂಬಿಕೆ ಮಾತ್ರ ಹಾಗೇ ಉಳಿದಿತ್ತು, 2016ರ ಜುಲೈ ತನಕ. ಮಹದಾಯಿ ನದಿನೀರಿನ ನ್ಯಾಯಮಂಡಳಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು, ಪಕ್ಕದ ನವಲಗುಂದ ಹೊತ್ತಿ ಉರಿಯಿತು. ಆಮೇಲೆ ಪೊಲೀಸರು ಅಲ್ಲಿನ ಯಮನೂರೆಂಬ ಹಳ್ಳಿಯ ಮನೆಗಳಿಗೆ ನುಗ್ಗಿ, ಹೆಂಗಸರು ಮುದುಕರು ಎನ್ನದೆ ಬಡಿದರು. ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಕೆಲವು ಪೊಲೀಸರು ಅಮಾನತಾದರು. ಕುಡಿಯುವ ನೀರು ಕೇಳಿದ ಊರಿನ ಅಡುಗೆಮನೆಯಲ್ಲಿ ಯಾವ ಪುರಾವೆ ಹುಡುಕುತ್ತಿದ್ದರೋ!

2018ರಲ್ಲಿ ನಿಂತಿದ್ದ 'ಸಿಐಡಿ' 2024ರ ಡಿಸೆಂಬರಿನಲ್ಲಿ ಮರಳಿ ಬಂತು. ಅಕ್ಕನ ಮಗ ಬಾಯಿಬಿಟ್ಟುಕೊಂಡು ನೋಡುತ್ತಾನೆ, ಪಕ್ಕದಲ್ಲಿ ಇವನೂ. ದಯಾ ಎರಡು ಹೆಜ್ಜೆ ಹಿಂದೆ ಸರಿದ ಕೂಡಲೇ ಇವನ ಬಾಯಿಂದ ಬಂದೇ ಬರುತ್ತದೆ: 'ಒಳಗ ಯಾರದಾರ ಅಂತ ಮೊದಲ ಕೇಳೋ ಮಾರಾಯಾ!'

'ಮಾಮಾ, ಸುಮ್ನ ಕುಂದ್ರು. ಒಳಗ ಕಳ್ಳರ ಇರ್ತಾರ.'